ಮುನ್ನೂರ ಚಿಲ್ಲರೆ

"ನೀವು ಎಷ್ಟು ದೂರದವರೆಗೆ ಹೊಡೀತೀರಿ?" ಎಂದು ಹೊಸಬರು ಯಾರಾದರೂ ಕೇಳಿದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಹಾಲು ಕರೆಯುವವಳನ್ನು ಹಿಡಿದು "ನೀವು ದಿನಕ್ಕೆಷ್ಟು ಲೀಟರ್ ಕುಡೀತೀರಿ" ಎಂದು ಕೇಳಿದ ಹಾಗೆ. ಹೊಡೆಯುವುದರಲ್ಲಿ ಏನಿದೆ, ಬೆರಳು ಮಡಚಿದರೆ ಆಯಿತು. ಮಡಚದೆ ಇರುವುದೇ ಕಷ್ಟದ ಕೆಲಸ. ಈಗ ಯಾರಾದರೂ ಕೇಳಿದರೆ ನಾನು ನಗುವುದಿಲ್ಲ. ಹೋದ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾನು ಒಂದು ದೂರವನ್ನು ಬಾಯಲ್ಲೇ ಕತ್ತರಿಸಿ ಚಿಕ್ಕದು ಮಾಡಿ ಹೇಳಿದೆ. ಅದರಿಂದ ಏನೇನಾಯಿತು ಎಂಬುದನ್ನು ಬಿಡದೆ ಹೇಳುತ್ತೇನೆ.

ನಮ್ಮ ತಂಡದಲ್ಲಿ ನಾವು ಮೂರೇ ಜನ. ಹಿರಿಯರು ಕುನಿಜೊ. ಎಪ್ಪತ್ತಮೂರು ವರ್ಷ, ಗಿಡ್ಡ ಆಳು, ಹೊಕ್ಕಾಯ್ದೊದ ಈ ಪೂರ್ವದ ಬೆಟ್ಟಗಳಲ್ಲಿ ನಲವತ್ತೆಂಟು ಕರಡಿ ಉರುಳಿಸಿದವರು. ಎರಡನೆಯವಳು ನಾನು, ಶಿಗೆಮಿ. ಅರವತ್ತು ಹಸುಗಳ ಕೊಟ್ಟಿಗೆ ನಡೆಸುತ್ತೇನೆ, ಬಿಡುವಾದಾಗ ಕೋವಿ ಹಿಡಿಯುತ್ತೇನೆ. ಮೂರನೆಯವನು ನನ್ನ ತಮ್ಮ ಸೊಹೇ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಮ್ಮ ಬೇಗ ಹೋದಳು. ಅವನ ಮೂಗು ಒರೆಸಿದ್ದು, ಶಾಲೆಗೆ ಎಳೆದುಕೊಂಡು ಹೋಗಿದ್ದು, ಮೊದಲ ಕೋವಿ ಕೊಡಿಸಿದ್ದು ಎಲ್ಲ ನಾನೇ. ಮೂವತ್ತೆಂಟು ವರ್ಷದ ಗಂಡಸಾದರೂ ನನ್ನ ಕಣ್ಣಿಗೆ ಅವನ ಮೂಗು ಇನ್ನೂ ಸೋರುತ್ತಲೇ ಇರುತ್ತದೆ.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಕೋವಿ ಹಿಡಿದವರು ತಾವೇ ತೀರ್ಮಾನಿಸುವಂತಿಲ್ಲ. ಪಕ್ಕದಲ್ಲಿ ದುರ್ಬೀನು ಹಿಡಿದು ಕೂತವರು 'ಹೊಡಿ' ಅಂದರೆ ಹೊಡೆಯಬೇಕು, 'ಬೇಡ' ಅಂದರೆ ಬೆರಳು ತೆಗೆಯಬೇಕು. "ಕೋವಿ ಹಿಡಿದವನಿಗೆ ಒಂದೇ ಕಣ್ಣು, ಅದೂ ಆಸೆಗಣ್ಣು" ಎನ್ನುತ್ತಿದ್ದರು ಕುನಿಜೊ. ಗಾಯಗೊಂಡ ಪ್ರಾಣಿ ಪೊದೆ ಹೊಕ್ಕರೆ ಅದರ ಜಾಡು ಹಿಡಿದು ಮೊದಲು ಒಳಗೆ ಹೋಗಬೇಕಾದವರು ಹೊಡೆದವರಲ್ಲ, 'ಹೊಡಿ' ಅಂದವರು. ಮಾತು ಹಗುರವಾಗಬಾರದೆಂದು ಮಾಡಿದ ಕಟ್ಟಳೆ ಅದು.

ಇನ್ನೊಂದು, ಗೆರೆ. ನಮ್ಮ ಕಡೆ ಸೀಸದ ಗುಂಡು ಬಳಸುವಂತಿಲ್ಲ. ಬೇಟೆಯವರು ಬಿಟ್ಟುಹೋದ ಸೀಸ ಬೆರೆತ ಕರುಳು ತಿಂದು ಕಡಲಹದ್ದುಗಳು ಸಾಯುತ್ತವೆಂದು ಎಂದೋ ನಿಲ್ಲಿಸಿದರು. ನಮ್ಮದು ತಾಮ್ರದ ಗುಂಡು. ವೇಗ ಇರುವಾಗ ಮೈಯೊಳಗೆ ಹೊಕ್ಕು ಹೂವಿನಂತೆ ಅರಳಿ ಸಿಕ್ಕಿದ್ದನ್ನೆಲ್ಲ ಹರಿದುಹಾಕುತ್ತದೆ. ದೂರ ಹೋಗಿ ವೇಗ ಸತ್ತ ಮೇಲೆ ಅದು ಅರಳುವುದಿಲ್ಲ. ಗೋಣಿಚೀಲಕ್ಕೆ ದಬ್ಬಳ ಚುಚ್ಚಿದಂತೆ ಈ ಕಡೆ ಹೊಕ್ಕು ಆ ಕಡೆ ಹೊರಟುಬಿಡುತ್ತದೆ. ಅದಕ್ಕೇ ಕುನಿಜೊ ಮುನ್ನೂರು ಮೀಟರಿಗೆ ಗೆರೆ ಎಳೆದಿದ್ದರು.

ಸೊಹೇಗೆ ಆ ಗೆರೆ ಕಂಡರಾಗದು. ಚಳಿಗಾಲದಲ್ಲಿ ಹೊಸ ರೈಫಲ್ ತಂದಿದ್ದ. ಅದರ ಮೇಲೆ ನನ್ನ ಮೊಣಕೈಯಷ್ಟು ಉದ್ದದ, ಗುರಿ ಹತ್ತಿರ ತೋರಿಸುವ ಸ್ಕೋಪು, ತಿರುಗಿಸಲು ಮೂರು ಬಿರಡೆ, ಜೇಬಿನಲ್ಲಿ ದೂರ ಅಳೆಯುವ ಯಂತ್ರ, ಗಾಳಿ ಅಳೆಯುವ ಯಂತ್ರ.

"ಈ ಹೊಸ ತೋಟಾ ಐನೂರರಲ್ಲೂ ಅರಳುತ್ತೆ ಅಜ್ಜ. ಡಬ್ಬಿ ಮೇಲೇ ಬರೆದಿದಾರೆ," ಎಂದ ಆ ಬೆಳಿಗ್ಗೆ, ಜೀಪಿನಿಂದ ಇಳಿಯುತ್ತ.

"ಕೂದಲು ಬೆಳೆಯೋ ಎಣ್ಣೆ ಡಬ್ಬಿ ಮೇಲೂ ಬರೆದಿದ್ರು ಕಣಪ್ಪ," ಕುನಿಜೊ ಟೋಪಿ ತೆಗೆದು ಬೋಳುತಲೆ ತೋರಿಸಿದರು. "ಮೂರು ವರ್ಷ ಹಚ್ಕೊಂಡೆ."

ನಾವು ಹುಡುಕಿಕೊಂಡು ಹೊರಟ ಕರಡಿ ಸಾಮಾನ್ಯದ್ದಲ್ಲ. ಬೆಟ್ಟದಲ್ಲಿ ನಾವು ಕರಡಿ ಎನ್ನುವುದಿಲ್ಲ, 'ಯಜಮಾನ' ಎನ್ನುತ್ತೇವೆ. ಈ ಯಜಮಾನ ಹಿಂದಿನ ಶರತ್ಕಾಲದಲ್ಲಿ ಅಣಬೆ ಕೀಳಲು ಹೋಗಿದ್ದ ಒಬ್ಬನನ್ನು ಕೊಂದು, ಅರ್ಧ ತಿಂದು, ಉಳಿದದ್ದನ್ನು ಎಲೆ ಮಣ್ಣಿನಲ್ಲಿ ಮುಚ್ಚಿಟ್ಟಿತ್ತು. ಮಾಂಸ ಮುಚ್ಚಿಟ್ಟ ಜಾಗಕ್ಕೆ ಅದು ಮರಳಿ ಬರುತ್ತದೆ. ಮನುಷ್ಯರ ರುಚಿಗೂ ಬರುತ್ತದೆ. ಮುಂದಿನ ಎಡಗಾಲಲ್ಲಿ ಒಂದು ಉಗುರಿಲ್ಲ. ಚಳಿನಿದ್ದೆ ಮುಗಿಸಿ ಎದ್ದ ಅದರ ಹೆಜ್ಜೆ ಪೊನ್ನಾಯ್ ಹಳ್ಳದ ಹಿಮದ ಮೇಲೆ ಸೋಮವಾರ ಕಂಡಿತ್ತು. ಬರುವ ಭಾನುವಾರ ಊರ ಹೆಂಗಸರು ಹಿಮ ಕರಗುತ್ತಲೇ ಮೂಡುವ ಫುಕಿ ಸೊಪ್ಪಿನ ಮೊಗ್ಗು ಕೀಳಲು ಹೋಗುವ ಬಿಸಿಲಿಳಿಜಾರು ಅದೇ ಬೆಟ್ಟದ ಬೆನ್ನಿನಾಚೆಗಿದೆ. ಅಷ್ಟರೊಳಗೆ ಯಜಮಾನ ಸಾಯಬೇಕು. ಸುಮ್ಮನೆ ಗಾಯವಾಗಿ ತಪ್ಪಿಸಿಕೊಂಡರೆ ಮಾತ್ರ ಸಿಕ್ಕಿದವರನ್ನೆಲ್ಲ ಸೀಳುತ್ತದೆ. ಅದೂ ನಮಗೆ ಗೊತ್ತು.

ಕುನಿಜೊ ಹಳ್ಳದ ಬಾಯಿಯ ಕಡೆ ಸುತ್ತು ಹೊಡೆದು ಹೊರಟರು. ಸೊಹೇ ಮತ್ತು ನಾನು ಮೇಲಿನ ದಿಬ್ಬ ಹತ್ತಿ ಕವುಚಿ ಮಲಗಿದೆವು. ರಾತ್ರಿ ಹೆಪ್ಪುಗಟ್ಟಿದ ಹಿಮ ಹಲಗೆಯಂತೆ ಗಟ್ಟಿಯಾಗಿತ್ತು. ಎಂಟೂವರೆಗೆ, ಹಳ್ಳದಾಚೆಯ ಇಳಿಜಾರಿನಲ್ಲಿ, ಹಿಮ ಕರಗಿದ ಒಂದು ಕಪ್ಪು ತೇಪೆಯ ಮೇಲೆ ಯಜಮಾನ ಕಾಣಿಸಿತು. ಬೆನ್ನು ನಮ್ಮ ಕಡೆ ಮಾಡಿ ಬೇರು ಅಗೆಯುತ್ತಿತ್ತು.

"ನಾನೂರ ಅರವತ್ತಮೂರು," ಸೊಹೇ ಯಂತ್ರ ನೋಡಿ ಪಿಸುಗುಟ್ಟಿದ.

"ದೂರ ಆಯ್ತು."

"ಗಾಳಿ ಇಲ್ಲ ಅಕ್ಕ. ನಿನ್ನ ಮೂಗಿನ ಹಬೆ ನೋಡು, ನೆಟ್ಟಗೆ ಮೇಲೆ ಹೋಗ್ತಿದೆ."

"ನನ್ನ ಮೂಗು ಇಲ್ಲಿದೆ. ಹಳ್ಳದ ನಡುವೆ ಗಾಳಿ ಏನು ಮಾಡ್ತಿದೆಯೋ ನಿನಗೇನು ಗೊತ್ತು? ಕೆಳಗಿನ ಬಂಡೆಗೆ ಇಳಿಯೋಣ. ಅಲ್ಲಿಂದ ಇನ್ನೂರ ತೊಂಬತ್ತು ಆಗುತ್ತೆ."

"ಅರ್ಧ ಗಂಟೆ ಬೇಕು ಇಳಿಯೋಕೆ. ಅಷ್ಟರಲ್ಲಿ ಅದು ಬೆನ್ನು ದಾಟಿ ಆಚೆ ಹೋದ್ರೆ? ಆಚೆ ಏನಿದೆ ಅಂತ ನಿನಗೆ ಗೊತ್ತಲ್ವಾ?"

"ಗೊತ್ತು."

"ಸೋಮವಾರ ಬೇಡ ಅಂದೆ. ಬುಧವಾರ ಬೇಡ ಅಂದೆ. ಆವತ್ತು ಮುನ್ನೂರ ಇಪ್ಪತ್ತಿತ್ತು ಅಕ್ಕ, ಮುನ್ನೂರ ಇಪ್ಪತ್ತು! ನಮ್ಮ ಜೀಪು ನಾಲ್ಕು ಸಲ ನಿಲ್ಲಿಸೋಷ್ಟು ಜಾಗಕ್ಕೆ ಬಿಟ್ಟುಬಿಟ್ಟೆ. ಭಾನುವಾರ ಯಾರ ಮನೆಯವಳಾದ್ರೂ ಸತ್ತು ಬಿದ್ರೆ ಅದಕ್ಕೂ 'ಬೇಡ' ಅಂತೀಯಾ?"

ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಯಜಮಾನ ಪಕ್ಕಕ್ಕೆ ತಿರುಗಿತು. ಭುಜದ ಹಿಂದಿನ ಜಾಗ, ಅಲ್ಲಿ ಗುಂಡು ಬೀಳಬೇಕು, ಬಾಗಿಲು ತೆರೆದಂತೆ ಬಯಲಾಗಿತ್ತು. ಆಗಲೇ ವಾಕಿಟಾಕಿ ಕರಕರ ಎಂದಿತು.

"ಶಿಗೆ, ಕಾಣ್ತಿದೆಯಾ?" ಕುನಿಜೊ ಕೇಳಿದರು. ಹಳ್ಳದ ತಿರುವಿನಲ್ಲಿದ್ದ ಅವರಿಗೆ ನಾವೂ ಕಾಣುತ್ತಿರಲಿಲ್ಲ, ಯಜಮಾನನೂ ಕಾಣುತ್ತಿರಲಿಲ್ಲ.

"ಕಾಣ್ತಿದೆ. ಅಡ್ಡ ನಿಂತಿದೆ."

"ಎಷ್ಟು ದೂರ?"

ಸೊಹೇ ನನ್ನ ಮುಖ ನೋಡಿದ. ಏಳು ವರ್ಷದವನಿದ್ದಾಗ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದನಲ್ಲ, ಅದೇ ನೋಟ. ಎರಡು ಸಲ ಬೇಡ ಅಂದಿದ್ದೆ. ಮೂರನೆಯ ಸಲಕ್ಕೆ ನನ್ನ ನಾಲಿಗೆ ಸೋತಿತು.

"ಮುನ್ನೂರ ಚಿಲ್ಲರೆ."

"ಚಿಲ್ಲರೆ ಅಂದ್ರೆ? ಗುಡಿ ಹುಂಡಿಗೆ ಹಾಕೋ ಚಿಲ್ಲರೆನಾ, ಅಂಗಡೀಲಿ ಕೊಡೋ ಚಿಲ್ಲರೆನಾ?"

"ಹುಂಡಿ ಚಿಲ್ಲರೆ," ನಾನು ನಕ್ಕೆ.

"ಮೇಲಿನ ದಿಬ್ಬದಿಂದ ಅಷ್ಟು ಕಮ್ಮಿ ಹೇಗಾಗುತ್ತೆ?"

"ಕೆಳಗಿನ ಬಂಡೆಗೆ ಇಳಿದಿದೀವಿ." ಒಂದು ಸುಳ್ಳಿಗೆ ಊರುಗೋಲಾಗಿ ಇನ್ನೊಂದು.

"ಸರಿ ಹಾಗಾದ್ರೆ. ಮಾತು ನಿನ್ನದು."

ವಾಕಿಟಾಕಿ ಸುಮ್ಮನಾಯಿತು. ಸೊಹೇ ಹಲ್ಲು ಬಿಟ್ಟ. ಬಿರಡೆಗಳನ್ನು ಟಿಕ್ ಟಿಕ್ ಎಂದು ತಿರುಗಿಸಿದ, ಕೆನ್ನೆಯನ್ನು ಕೋವಿಗೆ ಒತ್ತಿದ, ಅರ್ಧ ಉಸಿರು ಬಿಟ್ಟು ಹಿಡಿದ.

"ಹೊಡಿ," ಎಂದೆ.

ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಉರುಳಿತು. ಯಜಮಾನ ಬೆಂಕಿ ತಾಕಿದಂತೆ ಹಾರಿ, ತನ್ನ ಪಕ್ಕೆಯನ್ನು ತಾನೇ ಕಚ್ಚಿಕೊಂಡು ಗಿರಗಿರ ಸುತ್ತಿತು. ಕೂಗಿತು. ಆ ಕೂಗು ಕೊಟ್ಟಿಗೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡ ಹಸುವಿನ ಕೂಗಿನಂತೆ ಉದ್ದಕ್ಕಿತ್ತು. ಇಳಿಜಾರಿನಲ್ಲಿ ಎರಡು ಉರುಳು ಉರುಳಿ ಎದ್ದು, ಸೊಹೇ ಎರಡನೆಯ ತೋಟಾ ಏರಿಸುವಷ್ಟರಲ್ಲಿ ಕುರುಚಲು ಬಿದಿರಿನೊಳಗೆ ನುಗ್ಗಿಬಿಟ್ಟಿತು.

"ಬಿತ್ತು! ಬಿತ್ತು ಅಕ್ಕ! ಸರಿಯಾದ ಜಾಗಕ್ಕೇ ಬಿತ್ತು!"

"ಕೂಗಬೇಡ. ಬಿದ್ದಿದ್ರೆ ಅಲ್ಲೇ ಇರ್ತಿತ್ತು."

ಹಳ್ಳ ಇಳಿದು ಆಚೆ ಹತ್ತಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಕುನಿಜೊ ಆಗಲೇ ಬಂದು, ಯಜಮಾನ ಬಿದಿರು ಹೊಕ್ಕ ಜಾಗದಿಂದ ಐವತ್ತು ಹೆಜ್ಜೆ ಈಚೆ ಕಡಿದ ಮರದ ಒಂದು ಬುಡದ ಮೇಲೆ ಕೂತು, ಅವರ ಹೆಂಡತಿ ಮಿನೆ ಕಟ್ಟಿಕೊಟ್ಟಿದ್ದ ಅನ್ನದುಂಡೆ ಬಿಚ್ಚಿದ್ದರು.

"ಮೈಗೆ ಬಡಿದ ಸದ್ದು ಕೆಳಗೇ ಕೇಳಿಸ್ತು," ಎಂದರು. "ಪಕ್ಕೆ ಕಚ್ಚಿಕೊಳ್ತು ಅಂತೀರಿ, ಅಂದ್ರೆ ಪುಪ್ಪುಸ. ಮುನ್ನೂರರಲ್ಲಿ ಗುಂಡು ಚೆನ್ನಾಗೇ ಅರಳಿರುತ್ತೆ. ಅರ್ಧ ಗಂಟೆ ಬಿಟ್ಟುಕೊಡೋಣ, ಮಲಗಿ ಪ್ರಾಣ ಬಿಡಲಿ ಪಾಪ. ತಗೋ, ಉಪ್ಪುಮೀನು ಹಾಕಿದಾಳೆ."

ಆಗ ಹೇಳಬಹುದಿತ್ತು. ಕುನಿಜೊ-ಸಾನ್, ಮುನ್ನೂರಲ್ಲ, ನಾನೂರ ಅರವತ್ತಮೂರು, ಅಷ್ಟೆ. ಏಳು ಮಾತು ಕೂಡ ಆಗುವುದಿಲ್ಲ. ಹೇಳಿದ್ದರೆ ಬೈಯುತ್ತಿದ್ದರು. ಸೊಹೇಯ ಹೊಸ ಕೋವಿಯನ್ನು ಒಂದು ವರ್ಷ ಕಪಾಟಿನಲ್ಲಿ ಇಡಿಸುತ್ತಿದ್ದರು. ಅವತ್ತು ಒಳಗೆ ಹೋಗುತ್ತಿರಲಿಲ್ಲ. ಊರಿಗೆ ಹೋಗಿ ನಾಯಿ, ಜನ ಕಟ್ಟಿಕೊಂಡು ಬರುತ್ತಿದ್ದೆವು. ನಾನು ಅನ್ನದುಂಡೆ ಬಾಯಿಗಿಟ್ಟುಕೊಂಡೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲವಲ್ಲ.

"ಅಜ್ಜ, ನಿಮ್ಮ ನಲವತ್ತೊಂಬತ್ತನೇದು ನನ್ನ ಲೆಕ್ಕಕ್ಕೆ ಬರುತ್ತೋ ನಿಮ್ಮ ಲೆಕ್ಕಕ್ಕೋ?" ಸೊಹೇ ಕೇಳಿದ.

"ಸಾಯಲಿ ಮೊದಲು. ಆಮೇಲೆ ಅದನ್ನೇ ಕೇಳಿ ಬರ್ಕೊಳೋಣ."

ಒಳಗೆ ಹೊರಟೆವು. ಕಟ್ಟಳೆಯಂತೆ ನಾನು ಮೊದಲು, ನನ್ನ ಹಿಂದೆ ಸೊಹೇ, ಕೊನೆಗೆ ಕುನಿಜೊ. ಎದೆಮಟ್ಟದ ಕುರುಚಲು ಬಿದಿರು, ನಡುನಡುವೆ ಹಿಮ, ಅಲ್ಲಲ್ಲಿ ಗಾಳಿಗೆ ಬಿದ್ದ ಫರ್ ಮರಗಳು. ಹೆಜ್ಜೆ ಸ್ಪಷ್ಟವಾಗಿತ್ತು. ರಕ್ತ ಮಾತ್ರ ಕಡಿಮೆ. ಹತ್ತು ಹೆಜ್ಜೆಗೊಂದು ತೊಟ್ಟು, ಗುಲಾಬಿ ಬಣ್ಣ, ಸಣ್ಣ ನೊರೆ. ದೊಡ್ಡದೊಂದು ಫರ್ ಮರ ಬೇರುಸಹಿತ ಅಡ್ಡ ಬಿದ್ದಿದ್ದ ಕಡೆ ಜಾಡು ಅದರ ಪಕ್ಕದಲ್ಲೇ ಹಾದು ಮುಂದೆ ಹೋಗಿತ್ತು. ನಾವೂ ಹಾದುಹೋದೆವು.

ಮೂವತ್ತು ಹೆಜ್ಜೆ ಆದ ಮೇಲೆ ಕುನಿಜೊ ಹಿಂದಿನಿಂದ "ನಿಲ್ಲು" ಎಂದರು. ಬಾಗಿ ಒಂದು ತೊಟ್ಟು ರಕ್ತವನ್ನು ಬೆರಳಲ್ಲಿ ತೆಗೆದು ಉಜ್ಜಿದರು.

"ಇದೇನಮ್ಮ ಇದು? ಅರಳಿದ ಗುಂಡು ಅಂದ್ರೆ ಬಕೆಟ್ ಒದ್ದು ಚೆಲ್ಲಿದ ಹಾಗಿರಬೇಕು. ಇದು ಮಗು ಮೂಗು ಗೀರಿಕೊಂಡ ಹಾಗಿದೆ."

ನಾನು ಸೊಹೇ ಕಡೆ ನೋಡಿದೆ. ಅವನು ತನ್ನ ಬೂಟು ನೋಡುತ್ತಿದ್ದ.

"ಶಿಗೆ," ಕುನಿಜೊ ಕೂಗಲಿಲ್ಲ, ಮೆಲ್ಲಗೇ ಕೇಳಿದರು. "ಎಷ್ಟು ದೂರ ಇತ್ತು?"

"ನಾನೂರ ಅರವತ್ತಮೂರು."

ಮೂವತ್ತು ವರ್ಷ ನನಗೆ ಬೆಟ್ಟ ಕಲಿಸಿದ ಮನುಷ್ಯ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ನಾನೇ ಅಜ್ಜ, ನಾನೇ ಒತ್ತಾಯ..." ಸೊಹೇ ಶುರುಮಾಡಿದ.

"ನೀನು ಬಾಯಿ ಮುಚ್ಚು. ನಿನ್ನ ಮಾತಲ್ಲ ಇದು." ಕುನಿಜೊ ಕೋವಿಯ ಬೀಗ ತೆಗೆದರು. "ಅದು ಸತ್ತಿಲ್ಲ. ಇವತ್ತು ಸಾಯೋದೂ ಇಲ್ಲ. ಸೂಜಿ ಚುಚ್ಚಿಸಿಕೊಂಡು ಸಿಟ್ಟಲ್ಲಿ ಎಲ್ಲೋ ಕೂತಿದೆ. ವಾಪಸ್. ಬಂದ ದಾರೀಲೇ, ಒಬ್ಬರ ಹಿಂದೆ ಒಬ್ಬರು. ಬೈಯೋದು ಮನೇಲಿ."

ಎಲ್ಲರೂ ಇದ್ದಲ್ಲೇ ತಿರುಗಿದೆವು. ತಿರುಗಿದಾಗ ಕೊನೆಯವರು ಮೊದಲಿನವರಾದರು. ಈಗ ಮುಂದೆ ಕುನಿಜೊ, ನಡುವೆ ಸೊಹೇ, ಹಿಂದೆ ನಾನು. ಮೊದಲು ಹೋಗಬೇಕಾದವಳು ಹಿಂದೆ ಉಳಿದೆ. ಯಾರಿಗೂ ಆ ಕ್ಷಣ ಅದು ತೋಚಲಿಲ್ಲ.

ಆಮೇಲೆ ಹಿಮದ ಮೇಲೆ ಬರೆದಿದ್ದನ್ನು ಓದಿದಾಗ ಎಲ್ಲ ಗೊತ್ತಾಯಿತು. ನಾವು ತಿರುಗಿದ ಜಾಗದಿಂದ ಹತ್ತೇ ಹೆಜ್ಜೆ ಮುಂದೆ ಯಜಮಾನನ ಹೆಜ್ಜೆಗಳು ಬಯಲು ಹಿಮದ ನಡುವೆ ಇದ್ದಕ್ಕಿದ್ದಂತೆ ನಿಂತುಹೋಗಿದ್ದವು. ಗಾಯಗೊಂಡ ಹಳೆಯ ಕರಡಿ ಹೀಗೆ ಮಾಡುತ್ತದೆ: ಮುಂದೆ ನಡೆದು, ತನ್ನದೇ ಹೆಜ್ಜೆಯೊಳಗೆ ಕಾಲಿಡುತ್ತ ಹಿಂದಕ್ಕೆ ಬಂದು, ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿ ಅವಿತು, ತನ್ನನ್ನು ಹುಡುಕಿ ಬಂದವರನ್ನು ಮುಂದೆ ಹೋಗಲು ಬಿಡುತ್ತದೆ. ಇನ್ನು ಹತ್ತು ಹೆಜ್ಜೆ ನಾನು ಸುಳ್ಳು ನುಂಗಿಕೊಂಡೇ ನಡೆದಿದ್ದರೆ ನಿಂತ ಜಾಡು ಕಾಣುತ್ತಿತ್ತು. ಅದನ್ನು ಕಂಡ ಕೂಡಲೇ ಕುನಿಜೊ ನಮ್ಮನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತಿದ್ದರು. ಹೇಳಬೇಕಾದಾಗ ಹೇಳಲಿಲ್ಲ, ಹೇಳಬಾರದ ಹೊತ್ತಿಗೆ ಹೇಳಿದೆ.

ಬಿದ್ದ ಫರ್ ಮರದ ಬೇರಿನ ಹಿಂದಿನಿಂದ ಅದು ಸದ್ದಿಲ್ಲದೆ ಬಂತು. ಅಷ್ಟು ದೊಡ್ಡ ಮೈ ಅಷ್ಟು ಸುಮ್ಮನೆ ಬರಬಹುದೆಂದು ನೋಡದವರು ನಂಬುವುದಿಲ್ಲ. ಕುನಿಜೊ ಕೋವಿ ಎತ್ತಿದರು. ಈಡು ಹಾರಿತು, ಹಿಮಕ್ಕೆ ಹೋಯಿತು. ಪಂಜದ ಮೊದಲ ಹೊಡೆತಕ್ಕೆ ಅವರ ಟೋಪಿ, ಅದರ ಜೊತೆಗೆ ನೆತ್ತಿಯ ಚರ್ಮ, ಹಣೆಯಿಂದ ಹಿಂದಕ್ಕೆ ಕಂಬಳಿ ಸರಿದ ಹಾಗೆ ಸರಿಯಿತು. ಬಿಳಿ ಮೂಳೆ ಒಂದು ಕ್ಷಣ ಕಂಡಿತು, ಆಮೇಲೆ ಬರೀ ಕೆಂಪು. ಯಜಮಾನ ಅವರನ್ನು ಕೆಡವಿ ಮೇಲೆ ಕೂತು ಮುಖಕ್ಕೆ ಬಾಯಿ ಹಾಕಿತು. ದವಡೆ ಮುರಿದ ಸದ್ದು, ಒಣ ಸೌದೆ ಮೊಣಕಾಲಿಗಿಟ್ಟು ಮುರಿದಂತೆ.

ಸೊಹೇ ಅವರಿಂದ ಆರು ಹೆಜ್ಜೆ ದೂರದಲ್ಲಿದ್ದ. ಕೋವಿ ಭುಜಕ್ಕೆ ಏರಿಸಿದ, ಸ್ಕೋಪಿಗೆ ಕಣ್ಣಿಟ್ಟ. ಹೊಡೆಯಲಿಲ್ಲ.

"ಬರೀ ಕೂದಲು!" ಎಂದು ಕಿರುಚಿದ. "ಬರೀ ಕೂದಲು ಕಾಣ್ತಿದೆ ಅಕ್ಕ! ಯಾವುದು ಎಲ್ಲಿ ಅಂತ ಗೊತ್ತಾಗ್ತಿಲ್ಲ!"

ನಾನೂರ ಅರವತ್ತಮೂರು ಮೀಟರಿನಾಚೆಯ ಭುಜವನ್ನು ಅಂಗೈಯಷ್ಟು ಹತ್ತಿರ ತರುವ ಗಾಜು, ಆರು ಹೆಜ್ಜೆಯಲ್ಲಿ ಕುರುಡು. ನಾನು ಅವನನ್ನು ತಳ್ಳಿ ಮುಂದೆ ಹೋದೆ. ನನ್ನದು ಹಳೆಯ ಕೋವಿ, ಬರೀ ಕಬ್ಬಿಣದ ಗುರಿಮೊನೆ. ಅದರ ತುದಿಗೆ ಯಜಮಾನನ ತಲೆ ಸಿಕ್ಕಿತು. ಆ ತಲೆಯ ಕೆಳಗೇ, ಅದರ ಬಾಯೊಳಗೇ, ಕುನಿಜೊ ತಲೆ.

"ಹೊಡಿ!" ಸೊಹೇ ಅಳುತ್ತಿದ್ದ. "ಹೊಡಿ ಅಕ್ಕ, ಹೊಡಿ!"

"ಬೇಡ."

ಆ ಮಾತು ಅವನಿಗೆ ಹೇಳಿದೆನೋ ನನಗೆ ಹೇಳಿಕೊಂಡೆನೋ. ಗುಂಡು ಕರಡಿಯ ತಲೆಬುರುಡೆ ದಾಟಿದರೆ ಕುನಿಜೊ ಕುತ್ತಿಗೆಗೆ ಹೋಗುತ್ತದೆ. ಹತ್ತಿರದಲ್ಲಿ ತಾಮ್ರ ಅರಳುತ್ತದೆ, ಚೆನ್ನಾಗಿ ಅರಳುತ್ತದೆ. ಮೈಗೆ ಹೊಡೆದರೆ ಸಾಯಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಒಂದೇ ಕಚ್ಚು ಸಾಕು. ನಾನು ಹೊಡೆಯದೆ ಪಕ್ಕಕ್ಕೆ ಸುತ್ತು ಹಾಕಿದೆ, ಒಂದು ಹೆಜ್ಜೆ, ಇನ್ನೊಂದು. ಬಿದಿರು ಕಾಲಿಗೆ ತೊಡರಿತು. ಕುನಿಜೊ ಬಲಗೈ ಅದರ ಕುತ್ತಿಗೆಯಡಿ ಚಾಕು ಆಡಿಸುತ್ತಿತ್ತು. ಅವರ ಮುಖ ಅದರ ಬಾಯೊಳಗಿದ್ದರೂ ಕೈ ತನ್ನ ಕೆಲಸ ಮಾಡುತ್ತಿತ್ತು. ಯಜಮಾನ ತಲೆ ಒದರಿತು, ಅವರ ಮೈಯನ್ನು ಬಟ್ಟೆ ಒಗೆಯುವಂತೆ ಎತ್ತಿ ಬಡಿಯಿತು. ನಾನು ನೋಡುತ್ತ ಸುತ್ತು ಹಾಕುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ 'ಬೇಡ' ಹೇಳಿದ್ದಿಲ್ಲ.

"ಏಯ್!" ಎಂದು ಕೂಗಿದೆ. "ಏಯ್, ಇತ್ತ! ನಿನ್ನನ್ನ ಹೊಡೆಸಿದವಳು ನಾನು, ಇತ್ತ ಬಾ!"

ಯಜಮಾನ ಬಾಯಿ ಬಿಟ್ಟು ತಲೆ ಎತ್ತಿತು. ಮೂಗಿನ ಹೊಳ್ಳೆಯಿಂದ ಗುಲಾಬಿ ನೊರೆ ಹಾರುತ್ತಿತ್ತು. ಕಿವಿಯ ಬುಡಕ್ಕೆಂದು ಹೊಡೆದೆ. ಅದು ನನ್ನತ್ತ ತಿರುಗಿದ್ದರಿಂದ ಗುಂಡು ಕೆಳದವಡೆಯನ್ನು ಕಿತ್ತುಕೊಂಡು ಹೋಯಿತು. ದವಡೆ ನೇತಾಡಿಸಿಕೊಂಡೇ ಅದು ನನ್ನ ಮೇಲೆ ಬಂತು. ಕೋವಿ ಅಡ್ಡ ಹಿಡಿದೆ. ಉಗುರು ಎಡತೋಳನ್ನು ಭುಜದಿಂದ ಮೊಣಕೈವರೆಗೆ ಉತ್ತಿತು. ನಾನು ಅಂಗಾತ ಬಿದ್ದೆ. ಹಿಮ, ಕೂದಲು, ಕೊಳೆತ ಮೀನಿನಂಥ ಉಸಿರು, ನನ್ನ ಮುಖದ ಮೇಲೆ ಬಿಸಿ ಮಳೆಯಂತೆ ಅದರ ರಕ್ತ.

ಆಗ ಸೊಹೇ ಬಂದ. ಸ್ಕೋಪಿಗೆ ಕಣ್ಣಿಡಲಿಲ್ಲ. ಕೋವಿಯ ಬಾಯಿಯನ್ನು ಅದರ ಕಂಕುಳಿಗೆ ಒತ್ತಿಟ್ಟು ಹೊಡೆದ. ಬೋಲ್ಟ್ ಎಳೆದು ಮತ್ತೆ ಹೊಡೆದ. ಮೂರನೆಯದೂ ಹೊಡೆದ. ನಾಲ್ಕನೆಯದಕ್ಕೆ ತೋಟಾ ಇರಲಿಲ್ಲ. ಖಾಲಿ ಕೋವಿಯನ್ನು ಟಕ್ ಟಕ್ ಎನ್ನಿಸುತ್ತಲೇ ಇದ್ದ. ಯಜಮಾನ ನನ್ನ ಕಾಲಿನ ಮೇಲೆ ಗೋಣಿಮೂಟೆಯಂತೆ ಕುಸಿಯಿತು.

"ಸಾಕು, ಸಾಕು ಕಣೋ," ಎಂದು ಎಷ್ಟು ಸಲ ಹೇಳಿದೆನೋ. "ಎಳಿ ನನ್ನನ್ನ."

ಕುನಿಜೊ ಬದುಕಿದ್ದರು. ಮುಖ ಎನ್ನುವಂಥದ್ದು ಹೆಚ್ಚು ಉಳಿದಿರಲಿಲ್ಲ. ಒಂದು ಕಣ್ಣು ಮಾತ್ರ ಸರಿ ಇತ್ತು. ಆ ಕಣ್ಣು ನನ್ನನ್ನು ದಾಟಿ ಹಿಂದಕ್ಕೆ ಹುಡುಕಾಡುತ್ತಿತ್ತು.

"ಸತ್ತಿದೆ," ಎಂದೆ. "ಯಜಮಾನ ಸತ್ತ, ಕುನಿಜೊ-ಸಾನ್. ಇನ್ನು ಏಳಲ್ಲ."

ಕಣ್ಣು ಮುಚ್ಚಿತು. ಉಸಿರು ರಕ್ತದ ಗುಳ್ಳೆಗಳಲ್ಲಿ ಬರುತ್ತಿತ್ತು. ಸೊಹೇ ತನ್ನ ಅಂಗಿ ಹರಿದು ಅವರ ತಲೆಗೆ ಸುತ್ತಿದ, ನನ್ನ ತೋಳಿಗೆ ಕಟ್ಟಿದ, ವಾಕಿಟಾಕಿಯಲ್ಲಿ ಊರಿಗೆ ಕೂಗಿದ. ಅಗ್ನಿಶಾಮಕದವರ ಹಿಮಗಾಡಿ ಮೇಲೆ ಬರಲು ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ನಾನು ಅವರ ಕೈ ಹಿಡಿದಿದ್ದೆ. ಅದು ನನ್ನ ಕೈಯನ್ನು ಹಿಡಿದಿತ್ತೋ ಇಲ್ಲವೋ ನಿಜವಾಗಿ ಹೇಳಲಾರೆ. ಗಾಡಿಯಲ್ಲಿ ಒಬ್ಬರನ್ನು ಮಲಗಿಸಲಷ್ಟೇ ಜಾಗ. "ನಿಮ್ಮನ್ನ ಎರಡನೇ ಸುತ್ತಿಗೆ ಕರ್ಕೊಂಡು ಹೋಗ್ತೀವಿ, ಅಕ್ಕೋರೆ," ಎಂದು ಹೇಳಿ ಅವರನ್ನು ಕಟ್ಟಿಕೊಂಡು ಹೋದರು.

ಇಪ್ಪತ್ತು ನಿಮಿಷಕ್ಕೆ ವಾಕಿಟಾಕಿ ಮಾತಾಡಿತು. ರಸ್ತೆ ಸೇರುವ ಮುಂಚೆಯೇ ಮುಗಿಯಿತಂತೆ.

ಸೊಹೇ ಸೊಂಟದಿಂದ ಚಾಕು ತೆಗೆದ. ಕೊಂದ ಕರಡಿಯನ್ನು ಬಗೆಯದೆ ಬಿಟ್ಟುಹೋಗುವುದಿಲ್ಲ ನಾವು. ಏನೇ ಆಗಿದ್ದರೂ ಕೊಂದವರೇ ಬಗೆಯಬೇಕು. ನಾನು ಒಂದೇ ಕೈಯಲ್ಲಿ ಹಿಂಗಾಲು ಎಳೆದು ಹಿಡಿದೆ. ಅವನು ಎದೆಯಿಂದ ಕೆಳಕ್ಕೆ ಸೀಳಿ, ಪಕ್ಕೆಯ ಚರ್ಮ ಬಿಡಿಸತೊಡಗಿದ. ಕಂಕುಳ ಕಡೆ ಅವನು ಒತ್ತಿ ಹೊಡೆದ ಮೂರು ಈಡು, ಮುಷ್ಟಿ ಹೋಗುವಷ್ಟು ದೊಡ್ಡ ಹರಕು. ಇನ್ನೊಂದು ಪಕ್ಕಕ್ಕೆ ಬಂದಾಗ ಅವನ ಕೈ ನಿಂತಿತು.

ಭುಜದ ಹಿಂದೆ, ಒಂದು ಅಂಗೈಯಷ್ಟು ಬಿಟ್ಟು, ಪೆನ್ಸಿಲ್ ತೂರುವಂಥ ತೂತು. ದುಂಡಗೆ, ಸ್ವಚ್ಛವಾಗಿ. ಪುಪ್ಪುಸದ ಅಂಚನ್ನು ದಾಟಿ ಆಚೆ ಪಕ್ಕೆಯಲ್ಲೂ ಅದೇ ಅಳತೆಯ ತೂತು. ಸೊಹೇ ಕಿರುಬೆರಳು ಒಳಗಿಟ್ಟು ನೋಡಿದ. ಎರಡು ಗಂಟೆಯಿಂದ ಸತ್ತವನಂತಿದ್ದ ಅವನ ಮುಖಕ್ಕೆ ಇದ್ದಕ್ಕಿದ್ದಂತೆ ರಕ್ತ ಬಂತು.

"ನೋಡಕ್ಕ!" ಎಂದ. "ಗುರಿ ಒಂದು ಬೆರಳೂ ಆಚೀಚೆ ಆಗಿಲ್ಲ! ಹೇಳಿದ ಜಾಗಕ್ಕೇ..."

ಅವನ ಕೆನ್ನೆಗೆ ಬಾರಿಸಿದೆ. ಒದ್ದೆ ಕೈ, ಸದ್ದು ದೊಡ್ಡದಾಗೇ ಬಂತು. ಮತ್ತೊಂದು ಬಾರಿಸಿದೆ. ಅವನು ತಲೆ ತಗ್ಗಿಸಲಿಲ್ಲ. ನನ್ನ ಬೆರಳ ಗುರುತು ಅವನ ಕೆನ್ನೆಯ ಮೇಲೆ ಕರಡಿಯ ರಕ್ತದಲ್ಲಿ ಮೂಡಿತ್ತು.

"ಹೊಡಿ," ಎಂದ. "ಹೊಡೀತಾ ಇರು. ಮುನ್ನೂರು ಅಂದಿದ್ದು ಮಾತ್ರ ನಾನಲ್ಲ."

"ಅಲ್ಲ," ಎಂದೆ. "ನಾನು."

ನಿಜ ಹೇಳಬೇಕೆಂದರೆ, ಆ ತೂತು ಕಂಡ ಕ್ಷಣ ನನ್ನ ಎದೆಯೊಳಗೂ ಏನೋ ಒಂದು, ನನ್ನ ತಮ್ಮ ಚೆನ್ನಾಗಿ ಹೊಡೆದ ಎಂದು, ಬಾಲ ಅಲ್ಲಾಡಿಸಿತ್ತು. ಬಾರಿಸಿದ್ದು ಅದಕ್ಕೇ. ಕುನಿಜೊ ಗೆರೆ ಎಳೆದಿದ್ದು ಗುರಿ ತಪ್ಪುತ್ತದೆ ಎಂದಾಗಿರಲಿಲ್ಲ. ಗುರಿ ತಪ್ಪದೆಯೂ ಹೀಗಾಗುತ್ತದೆ ಎಂದು.

ಕೆಳಗೆ ಹಳ್ಳದಿಂದ ಹಿಮಗಾಡಿಯ ಸದ್ದು ಏರುತ್ತಿತ್ತು. ಸೊಹೇ ಚಾಕು ಹಿಮಕ್ಕೆ ಉಜ್ಜಿ ಮತ್ತೆ ಕೈಗೆತ್ತಿಕೊಂಡ.

"ಮಿನೆ ಅಮ್ಮನಿಗೆ ಯಾರು ಹೇಳೋದು?" ಎಂದು ಕೇಳಿದ.

"ನಾನು. ಈ ಬಟ್ಟೇಲೇ ಹೋಗ್ತೀನಿ."

"ಎಲ್ಲಾನೂ ಹೇಳ್ತೀಯಾ?"

"ಹೇಳ್ತೀನಿ."

"ಅವರು ನಿನ್ನನ್ನ ಹೊರಗೆ ಹಾಕ್ತಾರೆ ಅಕ್ಕ. ಇನ್ನು ಆ ಹೊಸಿಲು ತುಳಿಯೋಕಾಗಲ್ಲ."

"ಹಾಕಲಿ. ಆ ಕಾಲು ಎತ್ತಿ ಹಿಡಿ, ನನ್ನ ಕೈ ಸೋಲ್ತಾ ಇದೆ."

ಅವನು ಎತ್ತಿ ಹಿಡಿದ. ಬಗೆದ ಹೊಟ್ಟೆಯಿಂದ ಹಬೆ ಏಳುತ್ತಿತ್ತು, ನಮ್ಮಿಬ್ಬರ ಮುಖಕ್ಕೂ ಬೆಚ್ಚಗೆ ತಾಕುತ್ತಿತ್ತು. ಗಾಡಿ ಬರುವಷ್ಟರಲ್ಲಿ ಅರ್ಧ ಚರ್ಮ ಬಿಡಿಸಿ ಮುಗಿಸಿದೆವು.